ಹಗರಿ ಬಯಲಿನ ಬಾಣಲೆ: ಮೋಕ ಪರಿಸರದ ಮನೆಯಡುಗೆಯಲ್ಲಿ ಬಜ್ಜಿಯ ಚರಿತ್ರೆ

ಬಳ್ಳಾರಿ ಸೀಮೆಯ ಚರಿತ್ರೆಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಬೂದಿದಿಬ್ಬಗಳು, ಶಾಸನಗಳು, ಕೋಟೆಕೊತ್ತಲಗಳು, ದೇವಾಲಯಗಳು ಹಾಗೂ ವಿಜಯನಗರದ ರಾಜಕೀಯವನ್ನು ಆಧರಿಸಿ ಬೆಳೆದುಬಂದಿವೆ. ಅರಮನೆಯ ಊಟದ ವಿವರಗಳು ಗ್ರಂಥಗಳಲ್ಲಿ ಉಳಿದಿವೆ. ದೇವಾಲಯದ ನೈವೇದ್ಯದ ವಿವರಗಳು ಶಾಸನಗಳಲ್ಲಿ ಉಳಿದಿವೆ. ಆದರೆ ಒಕ್ಕಲು ಮನೆಯ ಒಲೆಯ ಮುಂದೆ ಹೆಣ್ಣುಮಕ್ಕಳು ಬೇಯಿಸಿದ್ದೇನು, ಕರಿದದ್ದೇನು ಎಂಬುದನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಹೀಗಾಗಿ ಇಂದು ಈ ಭಾಗದ ಗುರುತೇ ಆಗಿರುವ ಮೆಣಸಿನಕಾಯಿ ಬಜ್ಜಿಯಂತಹ ತಿನಿಸು ‘ತಲೆತಲಾಂತರದ್ದು’ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ.

ಹಗರಿ ಅಥವಾ ವೇದಾವತಿ ನದಿಯ ಬಯಲಿನಲ್ಲಿರುವ ಮೋಕ, ಅದರ ಸುತ್ತಲಿನ ಬಳ್ಳಾರಿ, ಸಿರುಗುಪ್ಪ ಹಾಗೂ ಕುರುಗೋಡು ಪರಿಸರವನ್ನು ಹಿನ್ನೆಲೆಯಾಗಿಟ್ಟುಕೊಂಡು ಆ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಬೇಳೆಯ ಹಿಟ್ಟನ್ನು ಮಸಾಲೆಯೊಡನೆ ಕಲಸಿ ಕರಿಯುವ ವಿಧಾನ ಕನ್ನಡ ನಾಡಿನಲ್ಲಿ ಬಹು ಹಳೆಯದು. ಅದರೊಳಗೆ ಕುಳಿತ ಮೆಣಸಿನಕಾಯಿ ಹೊಸದು. ಸಾಮಾನ್ಯರ ಮನೆಯಲ್ಲಿ ಬೇಕೆನಿಸಿದ ದಿನ ಬಾಣಲೆ ಇಡುವ ವಾಡಿಕೆ ಇವೆರಡಕ್ಕಿಂತಲೂ ಹೊಸದು. ಈ ಮೂರು ಪದರಗಳನ್ನು ಬೇರ್ಪಡಿಸಿ ನೋಡಿದಾಗ ಬಜ್ಜಿಯ ಚರಿತ್ರೆಯು ರುಚಿಯ ಚರಿತ್ರೆಯಾಗಿರದೆ ನೆಲ, ಎಣ್ಣೆ, ಉರುವಲು ಮತ್ತು ದುಡಿಮೆಯ ಚರಿತ್ರೆಯಾಗಿ ತೋರುತ್ತದೆ.

ಕಪ್ಪುನೆಲ ಮತ್ತು ಕಡಲೆ

ಬಳ್ಳಾರಿಗೆ ಹೊಂದಿಕೊಂಡಿರುವ ಸಂಗನಕಲ್ಲು, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ, ಹಾಗೆಯೇ ಕುರುಗೋಡು ದಕ್ಷಿಣ ಭಾರತದ ನವಶಿಲಾಯುಗದ ಪ್ರಮುಖ ನೆಲೆಗಳು. ತೆಕ್ಕಲಕೋಟೆಯಲ್ಲಿ ಎಂ.ಎಸ್. ನಾಗರಾಜರಾವ್ ಅವರು 1960ರ ದಶಕದಲ್ಲಿ ಉತ್ಖನನ ನಡೆಸಿದರು. ಈ ವಲಯದ ನೆಲೆಗಳಲ್ಲಿ ದೊರೆತ ಸುಟ್ಟ ಕಾಳುಗಳ ಅಧ್ಯಯನದಿಂದ ಹುರುಳಿ, ಹೆಸರು ಮತ್ತು ಕಿರುಧಾನ್ಯಗಳು ಇಲ್ಲಿನ ಮೊದಲ ಕೃಷಿಕರ ಮುಖ್ಯ ಆಹಾರವಾಗಿದ್ದುವೆಂದು ತಿಳಿದುಬಂದಿದೆ. ಕಡಲೆ ಈ ನೆಲದ ಮೂಲ ಬೆಳೆಯಲ್ಲ. ಅದು ಪಶ್ಚಿಮ ಏಷ್ಯಾದಲ್ಲಿ ಪಳಗಿ, ವಾಯವ್ಯ ದಿಕ್ಕಿನಿಂದ ಉಪಖಂಡವನ್ನು ಪ್ರವೇಶಿಸಿ ದಕ್ಷಿಣಕ್ಕೆ ಇಳಿದ ಕಾಳು.

ಆದರೆ ಒಮ್ಮೆ ಬಂದ ಮೇಲೆ ಕಡಲೆಗೆ ಈ ಎರೆನೆಲ ಹೇಳಿ ಮಾಡಿಸಿದಂತಾಯಿತು. ಹಿಂಗಾರಿನ ಮಳೆಯ ತೇವವನ್ನು ಕಪ್ಪುಮಣ್ಣು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಆ ತೇವ ಮತ್ತು ಚಳಿಗಾಲದ ಇಬ್ಬನಿಯಲ್ಲಿಯೇ ಕಡಲೆ ಬೆಳೆದು ಕಾಯಿ ಕಟ್ಟುತ್ತದೆ. ಬಿಳಿಜೋಳ, ಹತ್ತಿ, ಕುಸುಬೆ ಇದೇ ನೆಲದ ಸಂಗಾತಿ ಬೆಳೆಗಳು. ಹೀಗೆ ಬಜ್ಜಿಯ ಹೊರಕವಚವಾದ ಕಡಲೆಹಿಟ್ಟಿಗೆ ಬೇಕಾದ ಕಾಳು ಮೋಕದ ಹೊಲಗಳಲ್ಲಿ ಸಹಜವಾಗಿ ದೊರೆಯುವಂಥದಾಯಿತು. ಕಾಳು ಇದ್ದ ಮಾತ್ರಕ್ಕೆ ಕರಿದ ತಿನಿಸು ಇತ್ತೆಂದು ಹೇಳಲಾಗದು. ಪಲ್ಯ, ಹುಳಿ, ಹುರಿಗಡಲೆ, ಝುಣಕ ಮೊದಲಾದ ಎಣ್ಣೆ ಕಡಿಮೆ ಬೇಡುವ ಅಡುಗೆಗಳೂ ಕಡಲೆಗೆ ಒಗ್ಗುತ್ತವೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಶಾಸ್ತ್ರಗ್ರಂಥಗಳಲ್ಲಿ ಕರಿದ ತಿನಿಸು

ಕನ್ನಡ ನಾಡಿನ ಅಡುಗೆಯ ಬಗೆಗೆ ಬರಹದ ಆಕರಗಳು ಅಪರೂಪವೇನಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯನು 1025ರ ಸುಮಾರಿನಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಅದೇ ಮನೆತನದ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೂರನೆಯ ದಶಕದ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಬೇಳೆಯ ಹಿಟ್ಟಿಗೆ ಇಂಗು, ಉಪ್ಪು, ಮೆಣಸು ಮೊದಲಾದವನ್ನು ಸೇರಿಸಿ ಎಣ್ಣೆಯಲ್ಲಿ ಬೇಯಿಸುವ ಹಲವು ತಿನಿಸುಗಳ ವಿವರಣೆಯಿದೆ. ಆ ಕಾಲದಲ್ಲಿ ಬಳ್ಳಾರಿ ಸೀಮೆ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿತ್ತು. ಕುರುಗೋಡು ಅವರ ಸಾಮಂತರಾದ ಸಿಂದರ ಕೇಂದ್ರವಾಗಿತ್ತು. ಮುಂದೆ 1508ರ ಸುಮಾರಿನಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿಯೇ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ರಚಿಸಿ ಹಿಟ್ಟಿನ ಭಕ್ಷ್ಯ, ಪಾನಕ, ಅನ್ನ ಹಾಗೂ ಬದನೆ, ಹಲಸು, ಬಾಳೆಗಳಂತಹ ಕಾಯಿಪಲ್ಲೆಗಳ ಪಾಕವನ್ನು ನಿರೂಪಿಸಿದನು.

ಈ ಗ್ರಂಥಗಳಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಬೇಳೆಹಿಟ್ಟು, ಕಾದ ಎಣ್ಣೆ ಮತ್ತು ಇಂಗಿನ ಸಂಯೋಗವು ಈ ನಾಡಿಗೆ ಹೊರಗಿನಿಂದ ಬಂದುದಲ್ಲ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಹಿಟ್ಟಿನಲ್ಲಿ ಅದ್ದಿ ಕರಿಯುವ ತಮ್ಮ ಪದ್ಧತಿಯನ್ನು ಜಪಾನಿಗೆ ಒಯ್ದು, ಅದು ಅಲ್ಲಿ ‘ಟೆಂಪುರ’ ಎಂಬ ತಿನಿಸಿಗೆ ಕಾರಣವಾಯಿತೆಂದು ವಿದ್ವಾಂಸರು ಗುರುತಿಸುತ್ತಾರೆ. ಕನ್ನಡ ನಾಡಿಗೆ ಅಂತಹ ಋಣವಿಲ್ಲ; ಪೋರ್ಚುಗೀಸರ ಹಡಗು ಗೋವೆಗೆ ಬರುವ ಶತಮಾನಗಳ ಮೊದಲೇ ಇಲ್ಲಿ ಬೇಳೆಹಿಟ್ಟಿನ ಕರಿದ ತಿನಿಸುಗಳಿದ್ದವು. ಎರಡನೆಯದು, ಈ ಗ್ರಂಥಗಳ ಅಡುಗೆಮನೆ ಉಳ್ಳವರ ಅಡುಗೆಮನೆ. ತುಪ್ಪ, ಎಣ್ಣೆ, ಹಾಲು, ಸಕ್ಕರೆಗಳಿಗೆ ಅಲ್ಲಿ ಲೆಕ್ಕವಿಲ್ಲ. ಅವುಗಳಲ್ಲಿರುವ ತಿನಿಸುಗಳನ್ನು ಆ ಕಾಲದ ಎಲ್ಲ ಮನೆಗಳಿಗೂ ಅನ್ವಯಿಸುವುದು ಚರಿತ್ರೆಯ ದೃಷ್ಟಿಯಿಂದ ಸಾಧುವಲ್ಲ.

ಮೆಣಸಿನಿಂದ ಮೆಣಸಿನಕಾಯಿಗೆ

ಮೇಲ್ಕಂಡ ಮೂರೂ ಗ್ರಂಥಗಳಲ್ಲಿ ಖಾರಕ್ಕೆ ಬಳಕೆಯಾಗಿರುವುದು ಕಾಳುಮೆಣಸು. ಮೆಣಸಿನಕಾಯಿ ಅಮೆರಿಕ ಖಂಡದ ಸಸ್ಯ. ವಾಸ್ಕೋ ಡ ಗಾಮನು 1498ರಲ್ಲಿ ಕೇರಳದ ತೀರವನ್ನು ತಲುಪಿದ ನಂತರ, 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಅದು ಪಶ್ಚಿಮ ಕರಾವಳಿಯಲ್ಲಿ ನೆಲೆಯೂರಿತು. 1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್‌ನು ಅಲ್ಲಿನ ಪೇಟೆಯ ಅಕ್ಕಿ, ಗೋಧಿ, ಜೋಳ, ಹೆಸರು, ಹುರುಳಿ ಮೊದಲಾದ ಧಾನ್ಯಗಳನ್ನೂ ನಿಂಬೆ, ಕಿತ್ತಳೆ, ಬದನೆಗಳನ್ನೂ ಹೆಸರಿಸುತ್ತಾನೆ. ಪುರಂದರದಾಸರ ಹೆಸರಿನಲ್ಲಿ ಪ್ರಚಲಿತವಿರುವ ಕೀರ್ತನೆಯೊಂದರಲ್ಲಿ ಮೆಣಸಿನಕಾಯಿಯ ಪ್ರಸ್ತಾಪವಿರುವುದನ್ನು ಆಹಾರ ಚರಿತ್ರಕಾರ ಕೆ.ಟಿ. ಅಚಯ ಅವರು ಗಮನಕ್ಕೆ ತಂದಿದ್ದಾರೆ. ಆದರೆ ಬಾಯಿಂದ ಬಾಯಿಗೆ ಸಾಗಿಬಂದ ಕೀರ್ತನೆಗಳ ಪಾಠವನ್ನು ಕಾಲನಿರ್ಣಯಕ್ಕೆ ಏಕೈಕ ಆಧಾರವಾಗಿ ಬಳಸುವಾಗ ಎಚ್ಚರ ಅಗತ್ಯ.

ಈ ಸಂದರ್ಭದಲ್ಲಿ ಭಾಷೆಯೇ ಒಂದು ನಂಬಲರ್ಹ ಆಕರವಾಗುತ್ತದೆ. ಹೊಸದಾಗಿ ಬಂದ ಕಾಯಿಗೆ ಕನ್ನಡಿಗರು ಹೊಸ ಹೆಸರನ್ನು ಹುಡುಕಲಿಲ್ಲ. ಮೆಣಸಿನ ಖಾರವುಳ್ಳ ಕಾಯಿ ಎಂಬರ್ಥದಲ್ಲಿ ‘ಮೆಣಸಿನಕಾಯಿ’ ಎಂದರು. ತೆಲುಗಿನ ‘ಮಿರಪಕಾಯ’ಕ್ಕೂ ಕಾಳುಮೆಣಸಿನ ಹೆಸರಾದ ‘ಮಿರಿಯಾಲು’ವಿಗೂ ಇರುವ ನಂಟು ಇದೇ ಬಗೆಯದು. ಬಳ್ಳಾರಿಯಲ್ಲಿ ಬಜ್ಜಿಗೆ ಪರ್ಯಾಯವೆಂಬಂತೆ ಬಳಕೆಯಾಗುವ ‘ಮಿರ್ಚಿ’ ಎಂಬ ಪದವೂ ಕಾಳುಮೆಣಸನ್ನು ಸೂಚಿಸುವ ಸಂಸ್ಕೃತದ ‘ಮರೀಚ’ದಿಂದ ಬಂದು, ಹಿಂದಿ–ದಖನಿಗಳ ಮೂಲಕ ಇಲ್ಲಿಗೆ ತಲುಪಿದೆ. ಕೊನೆಗೆ ಹೊಸ ಕಾಯಿಯೇ ಹೆಸರನ್ನು ತನ್ನದಾಗಿಸಿಕೊಂಡು, ಹಳೆಯ ಮೆಣಸು ತನ್ನ ಗುರುತಿಗಾಗಿ ‘ಕಾಳು’, ‘ಕರಿ’, ‘ಒಳ್ಳೆ’ ಎಂಬ ವಿಶೇಷಣಗಳನ್ನು ಧರಿಸಬೇಕಾಯಿತು. ದುಬಾರಿಯಾದ, ಮಲೆನಾಡಿನಿಂದ ಬರಬೇಕಾದ ಮೆಣಸಿನ ಸ್ಥಾನವನ್ನು ಹಿತ್ತಿಲಲ್ಲೇ ಬೆಳೆಯಬಹುದಾದ ಕಾಯಿ ಆಕ್ರಮಿಸಿಕೊಂಡುದು ಬಯಲುಸೀಮೆಯ ಬಡವರ ಊಟದಲ್ಲಿ ಉಂಟಾದ ದೊಡ್ಡ ಬದಲಾವಣೆ.

‘ಬಜ್ಜಿ’ ಎಂಬ ಪದದ ಪಯಣವೂ ಕುತೂಹಲಕರವಾದುದು. ಹುರಿ ಎಂಬ ಅರ್ಥವುಳ್ಳ ಸಂಸ್ಕೃತ ‘ಭ್ರಸ್ಜ್’ ಧಾತುವಿಗೆ ಸಂಬಂಧಿಸಿದ ಪ್ರಾಕೃತ ರೂಪಗಳಲ್ಲಿ ಇದರ ಮೂಲವನ್ನು ಕಾಣಬಹುದು. ದಕ್ಷಿಣ ಕರ್ನಾಟಕದ ಹಲವೆಡೆ ‘ಬಜ್ಜಿ’ ಎಂದರೆ ಸುಟ್ಟ ಅಥವಾ ಬೇಯಿಸಿದ ಬದನೆಯನ್ನು ಹಿಸುಕಿ ಮಾಡಿದ ವ್ಯಂಜನವೂ ಹೌದು. ಉತ್ತರ ಕರ್ನಾಟಕದ ‘ಭಜಿ’ಗೂ ಮರಾಠಿಯ ‘ಭಜಿ’ಗೂ ಭೇದವಿಲ್ಲ. ಎಣ್ಣೆಯಿಲ್ಲದೆ ಕೆಂಡದ ಮೇಲೆ ಸುಟ್ಟುದಕ್ಕೂ ಎಣ್ಣೆಯಲ್ಲಿ ಕರಿದುದಕ್ಕೂ ಒಂದೇ ಪದ ಸಲ್ಲುತ್ತಿರುವುದು ಗಮನಾರ್ಹ.

ಎಣ್ಣೆಯ ಪ್ರಶ್ನೆ

ಕಡಲೆ ಹೊಲದಲ್ಲಿದ್ದು, ಮೆಣಸಿನಕಾಯಿ ಹಿತ್ತಿಲಲ್ಲಿದ್ದರೂ ಬಜ್ಜಿ ಆಗದು. ಅದಕ್ಕೆ ಕಾಯಿ ತೇಲುವಷ್ಟು ಎಣ್ಣೆ ಬೇಕು. ಈ ಸೀಮೆಯ ಹಳೆಯ ಎಣ್ಣೆಗಳೆಂದರೆ ಎಳ್ಳು ಮತ್ತು ಕುಸುಬೆ. ಎತ್ತು ತಿರುಗುವ ಗಾಣದಿಂದ ದಿನವೊಂದಕ್ಕೆ ದೊರೆಯುತ್ತಿದ್ದ ಎಣ್ಣೆ ಅಲ್ಪ. ಅದನ್ನು ಬೇಡುವ ಬಾಯಿಗಳು ಹಲವು. ಮಧ್ಯಕಾಲೀನ ಕನ್ನಡ ಶಾಸನಗಳಲ್ಲಿ ದೇವಾಲಯದ ನಂದಾದೀವಿಗೆಗೆ ಗಾಣಕ್ಕೆ ಇಷ್ಟು ಎಣ್ಣೆ ಎಂದು ದತ್ತಿ ಬಿಡುವ ಉಲ್ಲೇಖಗಳು ಮತ್ತೆ ಮತ್ತೆ ಬರುತ್ತವೆ. ಸೊಲ್ಲಗೆಯ ಲೆಕ್ಕದಲ್ಲಿ ಅಳೆದು, ಕಲ್ಲಿನಲ್ಲಿ ಬರೆಸಿ, ಸೂರ್ಯಚಂದ್ರರಿರುವವರೆಗೆ ನಡೆಯಲೆಂದು ಬಿಟ್ಟ ವಸ್ತು ಅದು. ದೀಪ, ತಲೆಸ್ನಾನ, ಬಾಣಂತಿಯ ಆರೈಕೆ, ಎತ್ತಿನ ಗಾಯದ ಔಷಧಿ ಇವೆಲ್ಲ ಮುಗಿದ ಮೇಲೆ ಒಗ್ಗರಣೆಗೆ ಉಳಿಯುತ್ತಿದ್ದುದು ಒಂದು ಹನಿ.

ಈ ಕೊರತೆಯನ್ನು ಅರಿತರೆ ಕರಿದ ತಿನಿಸಿಗೆ ಸಮಾಜ ಕೊಟ್ಟ ಸ್ಥಾನವೂ ಅರ್ಥವಾಗುತ್ತದೆ. ಹಲವು ಸಮುದಾಯಗಳಲ್ಲಿ ಸೂತಕದ ಮನೆಯಲ್ಲಿ ಬಾಣಲೆ ಇಡುವುದಿಲ್ಲ; ಸೂತಕ ಕಳೆದ ಮೇಲೆ ಎಣ್ಣೆಯಲ್ಲಿ ಏನಾದರೂ ಕರಿದು ಮನೆಯನ್ನು ಮತ್ತೆ ಸಹಜ ಬದುಕಿಗೆ ತರುತ್ತಾರೆ. ಮದುವೆ, ಯುಗಾದಿ, ಪಂಚಮಿ, ದೀಪಾವಳಿಗಳಲ್ಲಿ ಕರಿಯುವುದು ಮಂಗಳದ ಸೂಚನೆ. ನಿತ್ಯ ದೊರೆಯುವ ವಸ್ತುವಿಗೆ ಇಷ್ಟು ವಿಧಿನಿಷೇಧಗಳು ಹುಟ್ಟಿಕೊಳ್ಳುವುದಿಲ್ಲ.

ಬರಗಾಲದ ನೆನಪು ಈ ಚಿತ್ರವನ್ನು ಇನ್ನಷ್ಟು ತೀಕ್ಷ್ಣಗೊಳಿಸುತ್ತದೆ. 1791–92ರ ಡೋಗಿ ಬರ, 1800ರಲ್ಲಿ ಈ ಸೀಮೆ ಬ್ರಿಟಿಷರ ವಶಕ್ಕೆ ಬಂದ ನಂತರದ ಕ್ಷಾಮಗಳು, ಎಲ್ಲಕ್ಕೂ ಮಿಗಿಲಾಗಿ 1876–78ರ ಮಹಾಕ್ಷಾಮ ಇಲ್ಲಿನ ಜನಜೀವನವನ್ನು ನಡುಗಿಸಿದವು. ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1871 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗದಷ್ಟು ಕುಸಿಯಿತು. 1877ರಲ್ಲಿ ರಿಚರ್ಡ್ ಟೆಂಪಲ್‌ನ ಸೂಚನೆಯಂತೆ ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಸಿಗೆ ಗೊತ್ತುಪಡಿಸಿದ ದಿನಗೂಲಿ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಒಂದು ಆಣೆ. ಉಪ್ಪು, ಬೇಳೆ, ಕಾಯಿಪಲ್ಲೆ, ಉರುವಲು ಎಲ್ಲವೂ ಆ ಆಣೆಯಲ್ಲೇ ಬರಬೇಕಿತ್ತು. ಪ್ರಾಂತ್ಯದ ಆರೋಗ್ಯಾಧಿಕಾರಿ ಡಬ್ಲ್ಯು.ಆರ್. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಅಂತಹ ಕೂಲಿಯ ಕುಟುಂಬಕ್ಕೆ ಬಾಣಲೆ ತುಂಬ ಎಣ್ಣೆ ಎಂಬುದು ಕನಸಿಗೂ ನಿಲುಕದ ಮಾತು. ಬಜ್ಜಿಯನ್ನು ‘ಎಲ್ಲರ ಮನೆಯ ಪುರಾತನ ತಿನಿಸು’ ಎಂದು ಹೇಳುವಾಗ ಈ ಜನರ ಮನೆಗಳು ಲೆಕ್ಕದಿಂದ ಹೊರಗುಳಿಯುತ್ತವೆ.

ಗಾಣದಿಂದ ಡಬ್ಬಿಯವರೆಗೆ

ಮನೆಯ ಬಾಣಲೆಗೆ ಎಣ್ಣೆ ದಕ್ಕಿದ್ದು ಹಂತಹಂತವಾಗಿ. ದಕ್ಷಿಣ ಅಮೆರಿಕ ಮೂಲದ ಶೇಂಗಾ 19ನೆಯ ಶತಮಾನದಲ್ಲಿ ಮದ್ರಾಸ್ ಪ್ರಾಂತ್ಯದ ಪೂರ್ವ ಜಿಲ್ಲೆಗಳಲ್ಲಿ ರಫ್ತಿನ ಬೆಳೆಯಾಗಿ ಹಬ್ಬಿ, 20ನೆಯ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯ ಮಸಾರಿ ನೆಲಗಳಲ್ಲಿ ವಿಸ್ತರಿಸಿತು. ಇದೇ ಸುಮಾರಿಗೆ ಸೀಮೆಎಣ್ಣೆ ಹಳ್ಳಿಗಳನ್ನು ತಲುಪಿ ದೀಪದ ಬಾಯಿಂದ ಅಡುಗೆಯ ಎಣ್ಣೆಯನ್ನು ಬಿಡಿಸಿತೆಂದು ಊಹಿಸಲು ಅವಕಾಶವಿದೆ. ರಷ್ಯಾ ಮೂಲದ ಸೂರ್ಯಕಾಂತಿ ತಳಿಗಳು 1969ರಲ್ಲಿ ಭಾರತಕ್ಕೆ ಬಂದು ಮುಂದಿನ ದಶಕಗಳಲ್ಲಿ ಈ ಭಾಗದ ಎರೆನೆಲದಲ್ಲಿಯೂ ಬೆಳೆಯತೊಡಗಿದವು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳುಗಳ ತಂತ್ರಜ್ಞಾನ ಅಭಿಯಾನವನ್ನು ಆರಂಭಿಸಿತು; 1990ರ ದಶಕದ ಮಧ್ಯಭಾಗದಲ್ಲಿ ಆಮದು ನಿರ್ಬಂಧ ಸಡಿಲಗೊಂಡು ತಾಳೆ ಎಣ್ಣೆ ಅಗ್ಗವಾಗಿ ದೊರೆಯತೊಡಗಿತು.

ಎಣ್ಣೆಯಷ್ಟೇ ಮುಖ್ಯವಾದವು ಹಿಟ್ಟು ಮತ್ತು ಬೆಂಕಿ. ಕಡಲೆಬೇಳೆಯನ್ನು ಬೀಸುವ ಕಲ್ಲಿನಲ್ಲಿ ನುಣ್ಣಗೆ ಬೀಸಿ ಜರಡಿ ಹಿಡಿಯುವುದು ತೋಳಿಗೆ ಕಷ್ಟದ ಕೆಲಸ. ನಿತ್ಯದ ಜೋಳವನ್ನು ಬೀಸಿ ಮುಗಿಸಿದ ಹೆಣ್ಣುಮಗಳಿಗೆ ಅದು ಹೆಚ್ಚುವರಿ ದುಡಿಮೆ. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಆ ದುಡಿಮೆ ಇಳಿಯಿತು. ಇನ್ನು ಉರುವಲು: ಮರಗಳು ವಿರಳವಾದ ಎರೆ ಬಯಲಿನಲ್ಲಿ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳುಗಳೇ ಉರುವಲು. ಕುಳ್ಳಿನ ಬೆಂಕಿ ನಿಧಾನ. ಹತ್ತಿಕಟ್ಟಿಗೆ ಭಗ್ಗನೆ ಉರಿದು ಆರಿಹೋಗುತ್ತದೆ. ರೊಟ್ಟಿಗೆ ಅದು ಸಾಲುತ್ತದೆ. ಎಣ್ಣೆಯ ಕಾವನ್ನು ಅರ್ಧ ಗಂಟೆ ಒಂದೇ ಹದದಲ್ಲಿ ಹಿಡಿದಿಡಬೇಕಾದ ಕರಿಯುವ ಕೆಲಸಕ್ಕೆ ಅದು ಒಲ್ಲದ ಉರಿ. ಸೀಮೆಎಣ್ಣೆಯ ಸ್ಟೌವ್, ಅನಂತರ ಅನಿಲದ ಒಲೆ ಬಂದ ಮೇಲೆ ಉರಿಯನ್ನು ಕೈಯಲ್ಲಿ ಹಿಡಿಯುವುದು ಸಾಧ್ಯವಾಯಿತು. ಬಡ ಕುಟುಂಬಗಳಿಗೆ ಅನಿಲ ಸಂಪರ್ಕ ನೀಡುವ ಉಜ್ವಲ ಯೋಜನೆ ಆರಂಭವಾದುದು 2016ರಲ್ಲಿ ಎಂಬುದನ್ನು ಗಮನಿಸಿದರೆ ಈ ಬದಲಾವಣೆ ಎಷ್ಟು ಇತ್ತೀಚಿನದೆಂಬುದು ವೇದ್ಯವಾಗುತ್ತದೆ.

ಒಲೆಯ ಮುಂದಿನ ಅರಿವು

ಮನೆಯಲ್ಲಿ ಬಜ್ಜಿ ಮಾಡುವ ಕ್ರಮ ಸರಳವೆಂದು ತೋರಿದರೂ ಅದರ ಪ್ರತಿಯೊಂದು ಹೆಜ್ಜೆಯಲ್ಲೂ ಅನುಭವದಿಂದ ಗಳಿಸಿದ ಅರಿವಿದೆ. ಬಜ್ಜಿಗೆ ಆರಿಸುವುದು ತಿಳಿಹಸಿರಿನ, ಉದ್ದನೆಯ, ಖಾರ ಕಡಿಮೆ ಇರುವ ಕಾಯಿ. ಅದನ್ನು ತೊಳೆದು ಬಟ್ಟೆಯಿಂದ ಒರೆಸುತ್ತಾರೆ. ಒದ್ದೆ ಕಾಯಿಗೆ ಹಿಟ್ಟು ಅಂಟದೆ ಜಾರುತ್ತದೆ. ತೊಟ್ಟು ಉಳಿಸಿ ಉದ್ದಕ್ಕೆ ಸೀಳಿ, ಬೀಜ ತೆಗೆದು, ಉಪ್ಪು, ಜೀರಿಗೆ ಅಥವಾ ಓಮದ ಪುಡಿಯನ್ನು ಹುಣಸೆರಸದಲ್ಲಿ ಕಲಸಿ ಒಳಗೆ ಸವರುತ್ತಾರೆ. ಹುಳಿ ಖಾರವನ್ನು ತಗ್ಗಿಸಿ ತೋರಿಸುತ್ತದೆ. ಕಡಲೆಹಿಟ್ಟಿಗೆ ಸ್ವಲ್ಪ ಅಕ್ಕಿಹಿಟ್ಟು ಬೆರೆಸುವುದು ಗರಿಗರಿತನಕ್ಕೆ. ಕಲಸಿದ ಹಿಟ್ಟಿನ ಮೇಲೆ ಒಂದೆರಡು ಚಮಚ ಕಾದ ಎಣ್ಣೆ ಸುರಿಯುವುದೂ ಅದೇ ಉದ್ದೇಶಕ್ಕೆ. ಅಡುಗೆ ಸೋಡ ಚಿಟಿಕೆಗೆ ಮೀರಿದರೆ ಹೊದಿಕೆಯಲ್ಲಿ ರಂಧ್ರಗಳು ಹೆಚ್ಚಿ ಎಣ್ಣೆ ಹೀರಿಕೊಳ್ಳುತ್ತದೆ.

ಎಣ್ಣೆ ಕಾದುದನ್ನು ಅರಿಯಲು ಹಿಟ್ಟಿನ ಒಂದು ಹನಿ ಬಿಟ್ಟು ನೋಡುವುದು ವಾಡಿಕೆ. ಅದು ತಳದಲ್ಲಿ ಕೂತರೆ ಕಾವು ಸಾಲದು. ಬಿದ್ದೊಡನೆ ಕಪ್ಪಾದರೆ ಕಾವು ಮೀರಿದೆ. ಒಂದು ಕ್ಷಣ ಮುಳುಗಿ ಮೇಲೆದ್ದರೆ ಹದ. ಉಷ್ಣಮಾಪಕದಲ್ಲಿ ಇದು ಸುಮಾರು 170ರಿಂದ 180 ಡಿಗ್ರಿ ಸೆಲ್ಸಿಯಸ್. ಈ ಕಾವಿನಲ್ಲಿ ಹಿಟ್ಟಿನ ನೀರು ಆವಿಯಾಗಿ ಹೊರನುಗ್ಗುತ್ತ ಎಣ್ಣೆಯನ್ನು ಒಳಗೆ ಬಿಡದೆ ತಡೆಯುತ್ತದೆ. ಪಿಷ್ಟ ಬೆಂದು ಒಣಗಿ ಗಟ್ಟಿಯಾಗುತ್ತದೆ. ಬಾಣಲೆಯಿಂದ ತೆಗೆದ ಮೇಲೆ ಆವಿ ತಣಿಯುವಾಗಲೇ ಮೇಲ್ಮೈಯ ಎಣ್ಣೆ ಹೆಚ್ಚಾಗಿ ಒಳಸೇರುವುದರಿಂದ ಜಾಲರಿ ಸೌಟಿನಲ್ಲಿ ಎತ್ತಿ ಕೂಡಲೇ ಬಸಿಯುವ ಪದ್ಧತಿಗೆ ಅರ್ಥವಿದೆ. ಒಮ್ಮೆಗೆ ಹೆಚ್ಚು ಕಾಯಿ ಬಿಡಬಾರದೆಂಬ ಹಿರಿಯರ ಕಟ್ಟಳೆಯೂ ಎಣ್ಣೆಯ ಕಾವು ಇಳಿಯದಿರಲೆಂದೇ ಹುಟ್ಟಿದ್ದು. ಆಲೂಗಡ್ಡೆ, ಬದನೆ, ಹೀರೆ, ಬಾಳೆಕಾಯಿ, ಉಳ್ಳಾಗಡ್ಡಿ, ದೊಡ್ಡಪತ್ರೆಯ ಎಲೆ ಎಲ್ಲವೂ ಇದೇ ಹಿಟ್ಟಿಗೆ ಇಳಿಯುತ್ತವೆ. ಮೂರು ಶಾಸ್ತ್ರಗ್ರಂಥಗಳನ್ನು ಬರೆದವರು ಗಂಡಸರು. ಬರೆಯದೆ ಈ ಅರಿವನ್ನು ಸೊಸೆಗೆ, ಮಗಳಿಗೆ ದಾಟಿಸಿದವರು ಹೆಣ್ಣುಮಕ್ಕಳು.

ಗಡಿ ದಾಟಿದ ಜೋಡಿ

ಬಳ್ಳಾರಿ ಸೀಮೆಯಲ್ಲಿ ಬಜ್ಜಿಯನ್ನು ಒಂಟಿಯಾಗಿ ತಿನ್ನುವುದು ವಿರಳ. ನೆನೆಸಿ ಹಿಂಡಿದ ಮಂಡಾಳಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆ ಕೊಟ್ಟು, ಪುಟಾಣಿ ಪುಡಿ ಉದುರಿಸಿ, ಪಕ್ಕದಲ್ಲಿ ಮಿರ್ಚಿ ಇಟ್ಟರೆ ಅದು ಮುಂಜಾನೆಯ ಉಪಾಹಾರ. ಕನ್ನಡದ ಈ ‘ಒಗ್ಗರಣೆ’ಯೇ ಆದೋನಿ, ಆಲೂರು, ರಾಯದುರ್ಗ, ಅನಂತಪುರಗಳ ತೆಲುಗಿನಲ್ಲಿ ‘ಉಗ್ಗಾನಿ’. ಗದಗ, ಹಾವೇರಿಗಳತ್ತ ಹೋದರೆ ಇದಕ್ಕೆ ‘ಸುಸಲಾ’ ಎಂಬ ಹೆಸರುಂಟು. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿದ ನಂತರ ಸಿರುಗುಪ್ಪ ಭಾಗ ಭತ್ತದ ಕಣಜವಾಯಿತು. ಜೋಳ, ನವಣೆಗಳ ನೆಲದಲ್ಲಿ ಅಕ್ಕಿ ಮತ್ತು ಮಂಡಾಳು ಸುಲಭದ ವಸ್ತುಗಳಾದವು. ಕಾಲುವೆಯ ನೀರಿನಲ್ಲಿಯೇ ಮುಂದೆ ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ಮೆಣಸಿನಕಾಯಿ ಬೇಸಾಯ ಬೆಳೆದು ಬ್ಯಾಡಗಿಯ ಮಾರುಕಟ್ಟೆಯವರೆಗೆ ಕೈಚಾಚಿತು.

ಅದೇ 1953ರಲ್ಲಿ ಈ ನೆಲದ ಮೇಲೆ ಗಡಿಗೆರೆಯೂ ಬಿದ್ದಿತು. ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದವು. ಮೋಕವನ್ನೊಳಗೊಂಡ ಬಳ್ಳಾರಿ ತಾಲ್ಲೂಕು ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ವರದಿಯನ್ನು ಅನುಸರಿಸಿ ಮೈಸೂರು ರಾಜ್ಯಕ್ಕೆ ಸೇರಿತು. 1955ರ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಬಳ್ಳಾರಿಯನ್ನು ಆಂಧ್ರಕ್ಕೆ ಸೇರಿಸಲು ಸಲಹೆ ಮಾಡಿದರೂ ಅದು ಅಂಗೀಕಾರವಾಗಲಿಲ್ಲ. ಭಾಷೆಯ ಪ್ರಶ್ನೆ ಅಂದು ಜೀವನ್ಮರಣದ ಪ್ರಶ್ನೆಯಾಗಿತ್ತು. ಅದರ ಗಾಂಭೀರ್ಯವನ್ನು ಕಡೆಗಣಿಸುವಂತಿಲ್ಲ. ಆದರೆ ಗಡಿಯ ಎರಡೂ ಬದಿಯ ಮನೆಗಳಲ್ಲಿ ಅದೇ ಮಂಡಾಳು, ಅದೇ ಬಜ್ಜಿ ಮುಂದುವರಿದವು. ರಂಜಾನ್ ತಿಂಗಳ ಸಂಜೆ ಉಪವಾಸ ಬಿಡುವ ಮುಸ್ಲಿಮರ ಮನೆಯ ತಟ್ಟೆಯಲ್ಲೂ ಇದೇ ಕಡಲೆಹಿಟ್ಟಿನ ಬಜ್ಜಿ ಇರುತ್ತದೆ. ಇದು ಕನ್ನಡದ ತಿನಿಸೋ ತೆಲುಗಿನ ತಿನಿಸೋ ಎಂಬ ಪ್ರಶ್ನೆಗಿಂತ ಇದು ಕಪ್ಪುನೆಲದ ತಿನಿಸು ಎಂಬ ಉತ್ತರ ಸತ್ಯಕ್ಕೆ ಹತ್ತಿರವಾದುದು.

ಸಮಾರೋಪ

ಒಟ್ಟಾರೆ ಪರಿಶೀಲಿಸಿದಾಗ, ಮೋಕ ಪರಿಸರದ ಒಂದು ತಟ್ಟೆ ಬಜ್ಜಿಯಲ್ಲಿ ಹಲವು ಕಾಲಗಳು ಕೂಡಿರುವುದು ಕಂಡುಬರುತ್ತದೆ. ಪಶ್ಚಿಮ ಏಷ್ಯಾದ ಕಡಲೆ, ಚಾಲುಕ್ಯರ ಕಾಲಕ್ಕೂ ಪರಿಚಿತವಿದ್ದ ಕರಿಯುವ ವಿಧಾನ, ಅಮೆರಿಕದ ಮೆಣಸಿನಕಾಯಿ, ಶೇಂಗಾ ಮತ್ತು ಸೂರ್ಯಕಾಂತಿಯ ಎಣ್ಣೆ, ತುಂಗಭದ್ರೆಯ ನೀರಿನ ಭತ್ತ, ಅನಿಲದ ಒಲೆ ಇವು ಬೇರೆ ಬೇರೆ ಶತಮಾನಗಳಲ್ಲಿ ಬಂದು ಒಂದೇ ಬಾಣಲೆಯಲ್ಲಿ ಸೇರಿವೆ. ಇದನ್ನು ಸಾವಿರ ವರ್ಷದ ತಿನಿಸು ಎಂದು ಹೊಗಳಿದರೆ ಬರಗಾಲದಲ್ಲಿ ಹಸಿದವರ ಚರಿತ್ರೆಯನ್ನು ಮರೆತಂತಾಗುತ್ತದೆ. ನಿನ್ನೆ ಮೊನ್ನೆಯ ಬೀದಿಬದಿಯ ತಿನಿಸು ಎಂದು ಹಳಿದರೆ ಅದರ ಹಿಂದಿರುವ ಅರಿವಿಗೆ ಅನ್ಯಾಯವಾಗುತ್ತದೆ. ಹಬ್ಬದ ದಿನಕ್ಕಷ್ಟೇ ಸಲ್ಲುತ್ತಿದ್ದ ಬಾಣಲೆ ಸಾಮಾನ್ಯ ದಿನದ ಒಲೆಗೂ ಏರಿದ್ದು ಈ ಸೀಮೆಯ ಬಡವರ ಪಾಲಿಗೆ ಸಣ್ಣ ಸಂಗತಿಯಲ್ಲ. ಶಾಸನಗಳು ಹೇಳದೆ ಉಳಿದ ಆ ಸಂಗತಿಯನ್ನು ಹಿರಿಯ ಹೆಣ್ಣುಮಕ್ಕಳ ನೆನಪಿನಿಂದ, ಗಾಣ–ಗಿರಣಿಗಳ ಲೆಕ್ಕದಿಂದ, ಊರೂರಿನ ಮಾತಿನ ರೂಪಗಳಿಂದ ಸಂಗ್ರಹಿಸುವ ಕಾರ್ಯ ಆ ತಲೆಮಾರು ಕಣ್ಮರೆಯಾಗುವ ಮುನ್ನವೇ ನಡೆಯಬೇಕಾಗಿದೆ.